ಮೂರನೇ ಬೀಸು

ಭಟ್ಕಳದ ಒಂದು ಹೈಸ್ಕೂಲಿನಲ್ಲಿ ನಾನೀಗ ವಿಜ್ಞಾನದ ಮೇಷ್ಟ್ರು. ಹೋದ ತಿಂಗಳು ಒಂಬತ್ತನೇ ತರಗತಿಯ ಬಾಗಿಲಿಗೆ ಹೋದರೆ ಒಳಗೆ ಆಗಲೇ ನಾನು ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಬೋರ್ಡಿನ ಮುಂದೆ ನಿಂತು, ಪ್ಯಾಂಟನ್ನು ಹೊಕ್ಕುಳಿನ ಮೇಲಕ್ಕೆ ಎಳೆದುಕೊಂಡು, ಮುಂಗೈಯಿಂದ ಮೂಗು ಉಜ್ಜುತ್ತ, "ಗೊತ್ತಾತಾ? ಗೊತ್ತಾಗದೆ ತಲೆ ಆಡಿಸ್ಬೇಡಿ, ಕುತ್ತಿಗೆ ನೋವು ಬರ್ತದೆ" ಎನ್ನುತ್ತಿದ್ದ. ಹಿಂದಿನ ಬೆಂಚಿನಿಂದ ಯಾರೋ ತಮ್ಮ ಮನೆಮಾತು ನವಾಯತಿಯಲ್ಲಿ ಎಚ್ಚರಿಸಿದರು. ಹುಡುಗ ಕಲ್ಲಾದ. ನಾನು, "ಮೂಗು ಉಜ್ಜೋದು ಎಡಗೈಯಲ್ಲಿ ಮಾರಾಯ, ಬಲಗೈಯಲ್ಲಿ ಚಾಕ್ ಇರ್ತದೆ" ಎಂದು ತಿದ್ದಿ ಒಳಗೆ ಹೋದೆ.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಮೂಗು ಉಜ್ಜುವುದನ್ನು ನಾನು ಮೊದಲ ಸಲ ಕಂಡದ್ದು ಕನ್ನಡಿಯಲ್ಲಲ್ಲ. ಐದಾರು ವರ್ಷದ ಹಿಂದೆ, ಕುಮಟೆಯ ಒಂದು ಸಭೆಯಲ್ಲಿ, ನನ್ನ ಆಪ್ತ ಗೆಳೆಯನ ಮುಖದಲ್ಲಿ. ಅಂದು ಅವನು ನಿಂತಿದ್ದ ಜಾಗ ನನ್ನದಾಗಿತ್ತು.

ನಾನು ಹುಟ್ಟಾ ನಕಲುಗಾರ. ಶರಾವತಿಯ ತೆಂಕಣ ದಡದ ಕಾಸರಕೋಡಿನ ಮೀನುಗಾರರ ಕೇರಿಯವನು. ಕೇರಿಯಲ್ಲಿ ಯಾರಿಗೂ ತಮ್ಮ ಧ್ವನಿಯನ್ನು ತಾವೊಬ್ಬರೇ ಇಟ್ಟುಕೊಳ್ಳಲು ನಾನು ಬಿಟ್ಟವನಲ್ಲ. ಭಟ್ಕಳ–ಕುಮಟೆ ಬಸ್ಸಿನ ಕಂಡಕ್ಟರು ಶಿರಾಲಿ, ಮಂಕಿ, ಹೊನ್ನಾವರಗಳನ್ನು ಒಂದೇ ಉಸಿರಿಗೆ ಸೇರಿಸಿ ಒಂದೇ ಊರು ಮಾಡಿ ಕೂಗುವುದು ನನ್ನ ಬಾಯಲ್ಲಿತ್ತು. ಮೀನಿನ ಕಿವಿರು ಎತ್ತಿ ಎತ್ತಿ ನೋಡಿ ಕೊಳ್ಳದೆ ಹೋಗುವ ಗಿರಾಕಿಗೆ ನಮ್ಮ ಅತ್ತೆ, "ಮೀನು ನೋಡೂಕೆ ಬಂದದ್ದೋ ಹೆಣ್ಣು ನೋಡೂಕೆ ಬಂದದ್ದೋ?" ಎಂದು ಸೊಂಟಕ್ಕೆ ಕೈಯಿಟ್ಟು ಕೇಳುವುದೂ ಇತ್ತು. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಎಸ್ಸೆಸ್ಸೆಲ್ಸಿಯ ಗಣಿತದ ಪತ್ರಿಕೆ ಕೈಗೆ ಬಂದಾಗ ನನ್ನ ಮುಖ ಹೇಗಾಗಿತ್ತೆಂದು ಮಾಡಿ ತೋರಿಸಿ, ಬೈಯಲು ಕೂತಿದ್ದ ಅವ್ವನಿಂದ ಊಟಕ್ಕೆ ಒಂದು ತಾರ್ಲೆ ಮೀನು ಹೆಚ್ಚಿಗೆ ಗಿಟ್ಟಿಸಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಿ.ಎಸ್ಸಿ. ಎರಡನೇ ವರ್ಷ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಹೇಳಿದರೆ ಹಾಜರಿ ಕಡಿಮೆಯಿತ್ತೆಂದು ಈಗಲೂ ಕರೆಸಿಯಾರು. ಪ್ರಾಣಿಶಾಸ್ತ್ರದ ನಮ್ಮ ಲೆಕ್ಚರರು ಪಾಯಸ ಉಂಡವರಂತೆ ಒಂದೊಂದೇ ಬೆರಳಿನ ಚಾಕ್ ಪುಡಿಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಮಾತಾಡುವವರು. ಪ್ರತಿ ವಾಕ್ಯದ ಕೊನೆಗೆ "ಸೋ ಟು ಸೇ" ಎನ್ನುವರು. ಒಂದು ದಿನ ಅವರು ಬೋರ್ಡಿನ ಮೇಲೆ ನಾಲ್ಕು ಅಕ್ಷರ ಬರೆದರು: ಯು, ಸಿ, ಎ, ಜಿ.

ಜೀವಕೋಶದೊಳಗಿನ ಬರಹಕ್ಕೆ ಇವು ನಾಲ್ಕೇ ಅಕ್ಷರ, ಮೂರು ಮೂರು ಸೇರಿದರೆ ಒಂದು ಮಾತು ಎಂದರು. ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ ಅರವತ್ತನಾಲ್ಕು ಮಾತು. ಆದರೆ ಆ ಮಾತಿನಿಂದ ಕರೆಯಬೇಕಾದ ಅಮೈನೊ ಆಮ್ಲಗಳು ಇಪ್ಪತ್ತೇ. ಹಾಗಾಗಿ ಒಂದೊಂದು ಆಮ್ಲಕ್ಕೆ ಎರಡು, ನಾಲ್ಕು ಮಾತುಗಳಿವೆ. ಲ್ಯೂಸಿನ್ ಎಂಬುದಕ್ಕಂತೂ ಆರು. ಬಹಳ ಕಡೆ ಮೊದಲಿನ ಎರಡು ಅಕ್ಷರ ಸರಿಯಿದ್ದರೆ ಸಾಕು, ಮೂರನೆಯದು ಯಾವುದೇ ಬರಲಿ, ಅದೇ ಆಮ್ಲ ಬಂದು ಅದೇ ಪ್ರೋಟೀನು ಕಟ್ಟುತ್ತದೆ.

"ಇದು ದುಂದಲ್ಲ, ಮುಂಜಾಗ್ರತೆ, ಸೋ ಟು ಸೇ. ಬರೆಯುವಾಗ ಒಂದಕ್ಷರ ತಪ್ಪಿದ್ರೂ ಜೀವ ಉಳಿಯಬೇಕಲ್ಲ?"

ನಾನು ಎದ್ದು ನಿಂತುಬಿಟ್ಟೆ. "ಸರ್, ಇದು ನಮ್ಮಜ್ಜ ಬೀಸೋದು!"

ತರಗತಿ ಹೋ ಎಂದಿತು. ನಾನು ಬಾಯಿ ತೆರೆದರೆ ನಗಬೇಕೆಂಬುದು ಅವರಿಗೆ ರೂಢಿಯಾಗಿತ್ತು. ಆದರೆ ಅವತ್ತು ನಾನು ಯಾರ ನಕಲೂ ಮಾಡಿರಲಿಲ್ಲ.

ಅಜ್ಜ ರಂಪಣಿಯ ನೋಟಗಾರ. ರಂಪಣಿ ಎಂದರೆ ಕೇರಿಯಷ್ಟೇ ಉದ್ದದ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಬಳಸಿ ಬಿಟ್ಟು, ಎರಡೂ ತುದಿಯನ್ನು ದಡದಿಂದ ಊರೆಲ್ಲ ಸೇರಿ ಎಳೆಯಬೇಕು. ಮೀನಿನ ಹಿಂಡು ಎಲ್ಲಿದೆ ಎಂದು ದೋಣಿಯಲ್ಲಿ ಕೂತವನಿಗೆ ಕಾಣುವುದಿಲ್ಲ, ಗುಡ್ಡದ ಮೇಲಿನವನಿಗೆ ನೀರಿನ ಬಣ್ಣದಲ್ಲಿ ಕಾಣುತ್ತದೆ. ಅಜ್ಜ ಅಪ್ಸರಕೊಂಡದ ಗುಡ್ಡದ ತುದಿಗೆ ನಿಂತು, ತಲೆವಸ್ತ್ರ ಬಿಚ್ಚಿ ಬೀಸಿ ದೋಣಿಗೆ ಹೇಳುತ್ತಿದ್ದ. ಬೀಸುವುದು ನಾಲ್ಕೇ ನಮೂನೆ: ಬಡಗು, ತೆಂಕು, ಮೇಲೆ, ನೆಲ. ಮೂರು ಬೀಸಿಗೆ ಒಂದು ಮಾತು. ಬಂಗಡೆ ಬಂತು, ಇನ್ನೂ ಹೊರಗೆ ಹೋಗಿ, ಹಿಂಡು ಒಡೆಯಿತು, ಹೀಗೆ.

ಒಂದೊಂದು ಬಲೆಯವರ ಬೀಸು ಒಂದೊಂದು ತರಹ. ಪಕ್ಕದ ಊರಿನವರಿಗೆ ತಿಳಿದರೆ ನಮ್ಮ ಮೀನು ಅವರ ಬಲೆಯಲ್ಲಿ. ಆದ್ದರಿಂದ ಬೀಸು ಎಲ್ಲರಿಗೂ ಕಂಡರೂ ಅದರ ಅರ್ಥ ನೋಟಗಾರನಿಗೂ ದೋಣಿಯ ಚುಕ್ಕಾಣಿ ಹಿಡಿದವನಿಗೂ ಮಾತ್ರ ಗೊತ್ತಿರುವ ಗುಟ್ಟು. ಬಲೆ ಎಳೆಯುವ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ. ಆ ಪಾಠ ಕೇಳಿ ಬಂದು ನಾನು ಅರ್ಥ ಕೇಳಿದ ಹೊತ್ತಿಗೆ ಯಂತ್ರದ ದೋಣಿಗಳು ಬಂದು ನಮ್ಮ ರಂಪಣಿ ಚಪ್ಪರದಲ್ಲಿ ಮಡಿಸಿ ಕೂತಿತ್ತು. ಚುಕ್ಕಾಣಿಯವನು ತೀರಿಹೋಗಿದ್ದ. ಆ ಬೀಸನ್ನು ಓದಬಲ್ಲವನು ಬೀಸುವವನೊಬ್ಬನೇ ಆಗಿದ್ದ. ಆದರೂ ಅಜ್ಜ ಒಂದು ವಾರ ಸತಾಯಿಸಿದ ಮೇಲೇ ಹೇಳಿಕೊಟ್ಟದ್ದು.

"ಗುಡ್ಡದ ಮೇಲೆ ಗಾಳಿ ಅಂದ್ರೆ ಗಾಳಿ ತಮಾ. ಎರಡು ಬೀಸೂದ್ರೊಳಗೆ ವಸ್ತ್ರ ಕೈಗೆ ಸುತ್ಕೊಳ್ತದೆ. ಮೂರನೇದು ಗಾಳಿ ಹ್ಯಾಂಗೆ ತಿರುಗಿಸ್ತದೋ ಹಾಂಗೆ. ಅದ್ಕೇ ಹಿರಿಯರು ಮೂರನೇದ್ರ ಮೇಲೆ ಭಾರ ಹಾಕಲಿಲ್ಲ."

"ಹಾಂಗಾದ್ರೆ ಎರಡೇ ಸಾಕಲ್ಲ ಅಜ್ಜ?"

"ಎರಡೇ ಆದ್ರೆ, ಮುಗಿತೋ ಇನ್ನೂ ಉಂಟೋ ಅಂತ ದೋಣಿಯವ ಬಾಯಿ ಬಿಟ್ಕೊಂಡು ಕೂಡ್ತ. ಮೂರು ಆತು ಅಂದ್ರೆ ಮಾತು ಆತು."

ಆಮೇಲೆ ದನಿ ತಗ್ಗಿಸಿದ. "ಒಂದ್ರಲ್ಲಿ ಮಾತ್ರ ಮೂರನೇದು ತಪ್ಪೂಕಾಗ. ಮೇಲೆ, ತೆಂಕು ಬೀಸಿ, ಮೂರನೇದು ಮತ್ತೆಂತ ಬಂದ್ರೂ 'ಹಿಂಡಿನ ಹಿಂದೆ ಹೋಗಿ' ಅಂತ. ನೆಲ ಬಂದ್ರೆ ಮಾತ್ರ 'ಬಲೆ ಬಿಡಿ'. ಅದನ್ನ ಗಾಳಿಗೆ ಬಿಡೂದಿಲ್ಲ. ವಸ್ತ್ರ ಕೈಗೆ ಸುತ್ತಿ, ಮಂಡಿ ಊರಿ, ನೆಲಕ್ಕೇ ಬಡಿಯೂದು."

ಪುಸ್ತಕದಲ್ಲೂ ಹೀಗೇ ಇತ್ತು. ಎ ಮತ್ತು ಯು ಆದ ಮೇಲೆ ಯು, ಸಿ, ಎ ಯಾವುದು ಬಂದರೂ ಐಸೊಲ್ಯೂಸಿನ್; ಜಿ ಬಂದರೆ ಮಾತ್ರ ಮೆಥಿಯೊನಿನ್, ಮತ್ತು ಇಲ್ಲಿಂದ ಕಟ್ಟಲು ಶುರು ಮಾಡು ಎಂಬ ಸೂಚನೆ. ನಿಲ್ಲಿಸಲು ಜೀವಕೋಶದಲ್ಲಿ ಮೂರು ಮಾತು. ಅಜ್ಜನ ಹತ್ತಿರವೂ ನಿಲ್ಲಿ ಎನ್ನುವುದಕ್ಕೆ ಮೂರು ಬೇರೆ ಬೇರೆ ಮಾತು. ಯಾಕೆ ಎಂದು ಕೇಳಿದೆ.

"ಶುರು ಮಾಡೂಕೆ ಒಂದೇ ಇರ್ಬೇಕು, ಇಲ್ದಿದ್ರೆ ನಾಕು ಜನ ನಾಕು ಕಡೆ ಶುರು ಮಾಡ್ತ್ರು. ನಿಲ್ಸೂಕೆ ಎಷ್ಟಿದ್ರೂ ಕಡಿಮೆಯೇ. ದೋಣಿ ಎದುರು ಬಂಡೆ ಕಂಡಾಗ ಯಾವುದು ಕೈಗೆ ಬಂತೋ ಅದು."

ಎಲ್ಲವೂ ಹೀಗೆ ಅಚ್ಚುಕಟ್ಟಾಗಿ ಕೂಡಿ ಬಂತೆಂದು ತಿಳಿಯಬೇಡಿ. ಅಜ್ಜನ ಮಾತು ಇಪ್ಪತ್ತಿರಲಿಲ್ಲ, ಹದಿನಾಲ್ಕೋ ಹದಿನೈದೋ. ಉಳಿದದ್ದನ್ನು ನಾನೇ ಹುಟ್ಟಿಸಿದೆ. ವಿಜ್ಞಾನಕ್ಕೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಅಷ್ಟೇ.

ಅದೇ ವರ್ಷ ಕುಮಟೆಯಲ್ಲಿ ಕರಾವಳಿಯ ಕಾಲೇಜುಗಳ ವಿಜ್ಞಾನ ಭಾಷಣ ಸ್ಪರ್ಧೆ. ಕಾಲೇಜಿಗೆ ಒಬ್ಬ, ಹತ್ತು ನಿಮಿಷ. ಅಜ್ಜನ ಬೀಸಿನ ಮೂಲಕ ಜೀವಕೋಶದ ಬರಹವನ್ನು ನಾನು ಹೇಳುವುದೆಂದು ಲೆಕ್ಚರರು ಒಪ್ಪಿದರು. ವೇದಿಕೆಯ ಮೇಲೆ ಬೀಸುತ್ತೇನೆ ಎಂದಾಗ ಅಜ್ಜ, "ನೀನೇ ಬೀಸ್ಬೇಕು. ನಾ ಬಂದು ನೋಡ್ತೆ. ಮತ್ತೊಬ್ಬನ ಕೈಗೆ ಹೋಗೂಕಾಗ" ಎಂದ. ನಾನು ತೀರಿಹೋದ ಚುಕ್ಕಾಣಿಯವನ ಗೊಗ್ಗರು ದನಿಯಲ್ಲಿ "ಆತು ಯಜಮಾನ್ರೇ" ಎಂದೆ. ಅಜ್ಜ ನಕ್ಕುಬಿಟ್ಟ. ಮಾತು ಕೊಟ್ಟದ್ದೂ ಹೀಗೆ, ಬೇರೆಯವನ ಗಂಟಲಲ್ಲಿ.

ಗೆಳೆಯನ ಬಗ್ಗೆ ಹೇಳಬೇಕು. ಹೊನ್ನಾವರದ ಒಳಗಿನ ಒಂದು ಹಳ್ಳಿಯ ತೆಂಗಿನ ತೋಟದ ಮನೆಯವನು. ಅವನ ಮುಖ ಕಂಡರೆ ಪರೀಕ್ಷೆಯ ಮೇಲ್ವಿಚಾರಕರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಅಷ್ಟು ನಂಬಿಕೆಯ ಮುಖ. ಎರಡು ವರ್ಷ ನಮ್ಮದು ಒಂದೇ ಬೆಂಚು. ಅವನು ನನಗೆ ನೋಟ್ಸು ಕೊಡುವುದು, ನಾನು ಅವನಿಗೆ ನಗು ಕೊಡುವುದು. ಒಂದು ದಿನ ಅವನು, "ಅವತ್ತು ನಿಂಗೆ ಜ್ವರ ಬಂದ್ರೆ ಎಂತ ಮಾಡೋದು? ಜೀವಕೋಶವೇ ಒಂದಕ್ಕೆ ನಾಲ್ಕು ಇಟ್ಕೊಂಡದೆ, ನಮ್ಮ ಕಾಲೇಜಿಗೆ ಒಬ್ಬನೇನಾ? ನಂಗೂ ಕಲ್ಸು" ಎಂದ.

ಎಂಥ ಮಾತು! ನನ್ನ ಪಾಠವನ್ನು ನನಗೇ ತಿರುಗಿಸಿ ಹೇಳಿದ ಖುಷಿಗೆ ಕಲಿಸಿದೆ. ಕಾಲೇಜು ಬಿಟ್ಟ ಮೇಲೆ ಶರಾವತಿ ಕಡಲು ಸೇರುವ ಅಳಿವೆಯ ಮರಳಿನ ಮೇಲೆ ಅಜ್ಜನ ಹಳೆಯ ವಸ್ತ್ರ ಹಿಡಿದು ಒಂದೊಂದೇ ಬೀಸು. ಅಜ್ಜನಿಗೆ ಕೊಟ್ಟ ಮಾತು ಒಳಗೆ ಚುಚ್ಚಿತೆನ್ನಿ. ಅದಕ್ಕೊಂದು ಮದ್ದು ಮಾಡಿಕೊಂಡೆ. ಎಲ್ಲ ಕೊಟ್ಟು, 'ಬಲೆ ಬಿಡಿ' ಎನ್ನುವುದೊಂದನ್ನು ಕೊಡಲಿಲ್ಲ. "ಬಲೆ ಬಿಡ್ಲಿಕ್ಕೆ ಮೇಲೆ, ತೆಂಕು. ಮೂರನೇದು ಹೇಗಾದ್ರೂ ಬೀಸು, ಅದು ಗಾಳಿಗೆ ಬಿಟ್ಟದ್ದು" ಎಂದೆ. ಅಜ್ಜನ ಅಸಲು ಗುಟ್ಟು ಉಳಿಯಿತಲ್ಲ ಎಂದು ನೆಮ್ಮದಿಯಿಂದ ಮಲಗಿದೆ.

ಈ ನಡುವೆ ಪ್ರಯೋಗಾಲಯದಲ್ಲಿ ಒಂದು ದಿನ, ಕಪ್ಪೆಯ ತಟ್ಟೆ ಮುಂದಿಟ್ಟುಕೊಂಡು, ಕರವಸ್ತ್ರದಲ್ಲಿ ಕಪ್ಪೆಯ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತ, "ಇದು ಸತ್ತಿದೆ, ಸೋ ಟು ಸೇ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದವರು ಒಮ್ಮೆಲೇ ನಿಂತರು. ಲೆಕ್ಚರರು ಬಾಗಿಲಲ್ಲಿದ್ದರು. ಅವರೂ ಮುಗುಳ್ನಕ್ಕು, "ಚೆನ್ನಾಗಿದೆ" ಎಂದು ಹೋದರು. ನಾನು ಅವರಿಗೆ ಹಿಡಿಸಿತೆಂದೇ ತಿಳಿದೆ. ನಕ್ಕವರನ್ನೆಲ್ಲ ನಂಬುವುದು ನಮ್ಮಂಥವರಿಗಿರುವ ರೋಗ.

ಅದಾದ ಮೇಲೆ ಗೆಳೆಯನ ಉತ್ಸಾಹ ಹೆಚ್ಚಿತು. ದಿನವೂ ಸಂಜೆ "ಇನ್ನೊಂದ್ಸಲ ಮಾಡು, ನೀ ಮಾಡಿದ ಹಾಂಗೇ ಬರಬೇಕು" ಎನ್ನುವನು. ನಾನು ಹಿಗ್ಗಿ ಮಾಡುವೆನು. ನನ್ನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿದ್ದಿಲ್ಲ.

ಸ್ಪರ್ಧೆಯ ದಿನ ಅಜ್ಜ ನೀಲಿ ಹಾಕಿ ಒಗೆದ ಹೊಸ ತಲೆವಸ್ತ್ರ ಸುತ್ತಿಕೊಂಡ. ಬಸ್ಸಿನಲ್ಲಿ ಕಿಟಕಿಯ ಬದಿಯ ಜಾಗವನ್ನು ನನಗೇ ಬಿಟ್ಟು, "ಗಂಟಲಿಗೆ ಗಾಳಿ ತಾಗಿಸ್ಕೊಬ್ಯಾಡ" ಎಂದು ಮತ್ತೆ ತಾನೇ ಕಿಟಕಿ ಮುಚ್ಚಿದ. ಕುಮಟೆಯ ಸಭಾಂಗಣದ ಬಾಗಿಲಲ್ಲಿ ಭಾಷಣಕಾರರ ಪಟ್ಟಿ ಅಂಟಿಸಿದ್ದರು. ನಮ್ಮ ಕಾಲೇಜಿನ ಎದುರು ಗೆಳೆಯನ ಹೆಸರಿತ್ತು. ಬರೆದವರ ಕಣ್ತಪ್ಪು ಎಂದುಕೊಂಡು, ಅಜ್ಜನನ್ನು ಒಳಗೆ ಕುರ್ಚಿಯಲ್ಲಿ ಕೂರಿಸಿ, ಹೇಳಲು ಹೋದೆ. ಜಗಲಿಯಲ್ಲಿ ಲೆಕ್ಚರರು ಸಿಕ್ಕರು. ಅವರ ಹಿಂದೆ ಗೆಳೆಯ, ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ, ಅಭ್ಯಾಸಕ್ಕೆಂದು ನಾನೇ ಕೊಟ್ಟಿದ್ದ ಅಜ್ಜನ ಹಳೆಯ ವಸ್ತ್ರ.

"ನೀನು ವೇದಿಕೆ ಹತ್ತಿದ್ರೆ ಕಾಲೇಜಿನ ಮರ್ಯಾದೆ ಏನಾಗ್ತದೋ ಹೇಳಲಿಕ್ಕಾಗೋದಿಲ್ಲ" ಎಂದರು ಲೆಕ್ಚರರು, ಬೆರಳು ಒರೆಸಿಕೊಳ್ಳುತ್ತ. "ಇವನೂ ಅದನ್ನೇ ಹೇಳ್ತಾನೆ. ಮೂರನೇ ಅಕ್ಷರ ಬದಲಾಯ್ತು ಅಷ್ಟೇ. ಪ್ರೋಟೀನು ಅದೇ, ಸೋ ಟು ಸೇ."

ಅವರು ಒಳಗೆ ಹೋದರು. ನಾನು ಗೆಳೆಯನನ್ನು ಕೇಳಿದೆ, "ನಿಂಗೆ ಯಾವಾಗ ಗೊತ್ತಾತು?"

ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಗಾಬರಿಯಾದಾಗ ಅವನ ಬಾಯಿಂದ ಮನೆಯ ಮಾತು ಬರುತ್ತಿತ್ತು. "ಎಂಟು ದಿನ ಆತು. ಸರು ನಿಂಗೆ ಹೇಳಡ ಹೇಳಿದ್ದ. ಆನು ಎಂತ ಮಾಡ್ಲಿ?"

ಎಂಟು ದಿನ. ಅಂದರೆ ನನಗೆ ಹೇಳಬೇಡವೆಂದು ಸರ್ ಅವನಿಗೆ ಹೇಳಿದ ಮೇಲಿನ ಎಂಟು ಸಂಜೆ. 'ನೀ ಮಾಡಿದ ಹಾಂಗೇ ಬರಬೇಕು' ಎಂದ ಎಂಟು ಸಂಜೆಯೂ ಅವನಿಗೆ ಗೊತ್ತಿತ್ತು. ನನಗೆ ಜ್ವರ ಬಂದರೆ ಇರಲಿ ಎಂದು ನಾನು ಕಲಿಸುತ್ತಿದ್ದೆ, ಅವನು ನಾನು ಆಗಲೇ ಸತ್ತವನೆಂದು ಕಲಿಯುತ್ತಿದ್ದ. ಹೊಡೆಯಬೇಕೆನ್ನಿಸಿತು. ಏನೂ ಮಾಡದೆ ಹೋಗಿ ಅಜ್ಜನ ಪಕ್ಕ ಕೂತೆ.

"ನಿಂದು ಯಾವಾಗ?" ಎಂದ ಅಜ್ಜ.

"ಈಗ ಬೇರೆಯವ್ರದು."

ಎರಡು ಭಾಷಣ ಆದ ಮೇಲೆ ಮತ್ತೆ, "ಈಗ ನಿಂದಾ?" ಎಂದ. ಅಷ್ಟರಲ್ಲಿ ನಮ್ಮ ಕಾಲೇಜಿನ ಹೆಸರು ಕೂಗಿದರು, ಗೆಳೆಯ ಎದ್ದು ಹೋದ. ಅಜ್ಜ ನನ್ನ ಮುಖ ನೋಡಿದ.

ಅವನು ನನ್ನಂತೆಯೇ ಮಾಡಿದ. ಶುರುವಿಗೆ ನಾನು ಹಾಕುವ ಕೆಮ್ಮು ಹಾಕಿದ. ನಾನು ನಿಲ್ಲಿಸುವಲ್ಲಿ ನಿಲ್ಲಿಸಿದ, ಜನ ನಗುವವರೆಗೆ ಕಾದ, ಜನ ನಕ್ಕರು. ನಡುವೆ ಎಡ ಮುಂಗೈಯಿಂದ ಮೂಗು ಉಜ್ಜಿದ. ಇದೆಲ್ಲಿಂದ ಬಂತು ಇವನಿಗೆ ಎಂದುಕೊಳ್ಳುವಷ್ಟರಲ್ಲಿ ನನ್ನ ಎಡಗೈ ನನ್ನ ಮೂಗಿನ ಮೇಲಿತ್ತು. ಊರಿನವರೆಲ್ಲರ ದನಿ ಕದ್ದವನಿಗೆ, ತನ್ನಲ್ಲೂ ಕದಿಯುವಂಥದ್ದು ಇದೆ ಎಂದು ಅಂದೇ ಗೊತ್ತಾದದ್ದು, ಕಳೆದ ಮೇಲೆ. ಕಂಡಕ್ಟರು, ಅತ್ತೆ, ಲೆಕ್ಚರರು, ಸತ್ತ ಚುಕ್ಕಾಣಿಯವನು, ಎಲ್ಲರೂ ಹಿಂದಿನ ಸಾಲಿನಲ್ಲಿ ಕೂತು ನನ್ನನ್ನು ನೋಡಿ ನಗುತ್ತಿರುವ ಹಾಗಾಯಿತು.

ಒಂದೇ ಆಸೆ ಉಳಿದಿತ್ತು. ಕೊನೆಯದು ಅವನಿಗೆ ಬಾರದು. ಅಲ್ಲಿ ಬೀಳುತ್ತಾನೆ.

"ಕೊನೆಗೆ ನೋಟಗಾರ ಹೇಳ್ತಾನೆ, ಬಲೆ ಬಿಡಿ!" ಎಂದು ಅವನು ವಸ್ತ್ರ ಎತ್ತಿದ. ಮೇಲೆ. ತೆಂಕು. ನನ್ನ ಪಕ್ಕದಲ್ಲಿ ಅಜ್ಜನ ಬಲಗೈ ಮುಷ್ಟಿಯಾಗಿ ತನ್ನಷ್ಟಕ್ಕೇ ಮಂಡಿಯ ಮೇಲೆ ಬಿತ್ತು. ವೇದಿಕೆಯ ಮೇಲೆ ಗೆಳೆಯ ವಸ್ತ್ರವನ್ನು ತಲೆಯ ಸುತ್ತ ಒಂದು ಸುತ್ತು ಚಂದಕ್ಕೆ ತಿರುಗಿಸಿ ಮೇಲಕ್ಕೆ ಹಾರಿಸಿ ಹಿಡಿದ. ಜನ ಎದ್ದು ಚಪ್ಪಾಳೆ ತಟ್ಟಿದರು. ತೀರ್ಪುಗಾರರೂ ತಟ್ಟಿದರು. ಮೊದಲ ಬಹುಮಾನ ಅವನಿಗೇ ಬಂತು. ಆ ಸಭೆಯಲ್ಲಿ ತಪ್ಪು ಕಂಡವರು ಇಬ್ಬರು. ಇಬ್ಬರೂ ಬಾಯಿ ಬಿಡಲಿಲ್ಲ. ಲೆಕ್ಚರರು ಹೇಳಿದ್ದು ಸರಿಯೇ ಆಯಿತು. ಪ್ರೋಟೀನು ಅದೇ.

ಚಪ್ಪಾಳೆ ನಿಂತ ಮೇಲೆ ಅಜ್ಜ ಮೆಲ್ಲಗೆ, "ಬಲೆ ಬೀಳ್ಲಿಲ್ಲ" ಎಂದ.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಕುಮಟೆ ಪೇಟೆ ದಾಟಿತು. ಅಜ್ಜ ಕೇಳಿದ, "ಅವನಿಗೆ ಕಲ್ಸಿದ್ದು ಯಾರು?"

ನನ್ನ ಹತ್ತಿರ ಇಪ್ಪತ್ತು ದನಿಯಿತ್ತು. ಒಂದೂ ಬರಲಿಲ್ಲ. "ನಾನೇ" ಎಂದೆ.

"ಎಲ್ಲಾ?"

"ಕೊನೇದು ಬಿಟ್ಟು." ಇಷ್ಟಾದರೂ ಉಳಿಸಿದ್ದಕ್ಕೆ ಅಜ್ಜ ತಲೆ ಸವರುತ್ತಾನೆಂದು, ನಾಚಿಕೆಯಿಲ್ಲದೆ, ಕಾದೆ.

ಅಜ್ಜ ಪೂರ್ತಿ ನನ್ನ ಕಡೆ ತಿರುಗಿದ. "ಕೊನೇದು ಹೇಳದೆ ಅವನನ್ನ ಮೇಲೆ ಹತ್ತಿಸಿದ್ಯಾ?"

"ಗುಟ್ಟು ಹೊರಗೆ ಹೋಗೂಕಾಗ ಅಂತ ನೀನೇ..."

"ಗುಟ್ಟು ಹೊರಗೆ ಹೋದ್ರೆ ಮೀನು ಹೋತದೆ. ಅರ್ಧ ಕಲ್ತವನನ್ನ ಗುಡ್ಡಕ್ಕೆ ಹತ್ಸಿದ್ರೆ ದೋಣಿ ಹೋತದೆ, ದೋಣಿಲಿದ್ದವರು ಹೋತ್ರು. ಕಲ್ಸಬ್ಯಾಡಾಗಿತ್ತು. ಕಲ್ಸಿದ ಮೇಲೆ ಎಲ್ಲಾ ಕಲ್ಸಬೇಕಾಗಿತ್ತು. ಬಲೆ ಬಿಟ್ಟೆ ಅಂದ್ಕೊಂಡೇ ಇಳ್ದು ಬಂದ ಅಂವ."

"ಅಂವ ನಂಗೆ ಮೋಸ ಮಾಡ್ದ ಅಜ್ಜ!" ಕಂಡಕ್ಟರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

"ಅದು ಬೇರೆ" ಎಂದ ಅಜ್ಜ. "ಅದ್ಕೆ ಅಂವ ಹೇಳ್ಕೊಳ್ತ. ನೀ ನಿಂದು ಹೇಳು."

ನಾನು ಕಿಟಕಿ ತೆರೆದು ಗಾಳಿಗೆ ಮುಖ ಕೊಟ್ಟೆ. ಡಿಗ್ರಿ ಮುಗಿದ ಮೇಲೆ ಗೆಳೆಯ ಧಾರವಾಡಕ್ಕೆ ಓದಲು ಹೋದ. ಎರಡು ಕಾಗದ ಬರೆದ, ನಾನು ಉತ್ತರಿಸಲಿಲ್ಲ. ಆ ಎಂಟು ಸಂಜೆ ನನಗೆ ಇನ್ನೂ ಕಹಿಯೇ. ಅವನು ಬಲೆ ಬಿಡಲಿಲ್ಲವೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಾಲು ಬರೆದರೆ ಮುಗಿಯುತ್ತದೆ, ಬರೆದಿಲ್ಲ.

ಅಂದು ಬಸ್ಸು ಧಾರೇಶ್ವರಕ್ಕೆ ಬಂದಾಗ ಅಜ್ಜ ಇದ್ದಕ್ಕಿದ್ದಂತೆ ಎದ್ದು, "ಇಳಿಯುವ" ಎಂದ. ನಮ್ಮ ಟಿಕೆಟು ಕಾಸರಕೋಡಿಗಿತ್ತು. ದೇವಸ್ಥಾನದ ಬದಿಯಿಂದ ಸಮುದ್ರದ ಕಡೆ ಅವನು ಮುಂದೆ, ನಾನು ಹಿಂದೆ ನಡೆದೆವು. ದಂಡೆಯಲ್ಲಿ ಒಣ ಹಾಕಿದ ಮೀನು ಕಾಯುವ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಅಜ್ಜ ಹೊಸ ತಲೆವಸ್ತ್ರ ಬಿಚ್ಚಿ ನನ್ನ ಕೈಗಿಟ್ಟ.

"ಬೀಸು."

ನಾನು ಶುರು ಮಾಡುವ ಮೊದಲೇ ಅಜ್ಜ ನನಗೆ ಬೆನ್ನು ಹಾಕಿ, ಸಮುದ್ರಕ್ಕೆ ಮುಖ ಮಾಡಿ ಮರಳಿನ ಮೇಲೆ ಕೂತುಬಿಟ್ಟ. ಬೀಸುವವನನ್ನು ನೋಡಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಬೀಸಿದ ಮೇಲೆ ದೋಣಿ ಏನು ಮಾಡುತ್ತದೆಂದು ನೋಡುವುದಷ್ಟೇ ಅವನ ಕೆಲಸವಾಗಿತ್ತು. ನಾನು ಮೊದಲಿನಿಂದ ಎಲ್ಲವನ್ನೂ ಬೀಸಿದೆ, ಕೆಮ್ಮದೆ, ಮೂಗು ಉಜ್ಜದೆ. ಗಾಳಿ ವಸ್ತ್ರವನ್ನು ಕೈಗೆ ಸುತ್ತಿತು, ಬಿಡಿಸಿಕೊಂಡೆ. ಕೊನೆಗೆ ಮೇಲೆ, ತೆಂಕು, ಮಂಡಿಯೂರಿ ಮರಳಿಗೆ ಬಡಿದೆ. ದೂರದಲ್ಲಿ ಎರಡು ಯಂತ್ರದ ದೋಣಿಗಳು ತಮ್ಮ ಪಾಡಿಗೆ ಬಡಗಿಗೆ ಹೋಗುತ್ತಿದ್ದವು.

ಅವು ಮರೆಯಾಗುವವರೆಗೆ ಅಜ್ಜ ನೋಡಿದ. ಆಮೇಲೆ ತಿರುಗದೆಯೇ ಕೈ ಹಿಂದಕ್ಕೆ ಚಾಚಿ ವಸ್ತ್ರ ಇಸಿದುಕೊಂಡು, ಮರಳು ಕೊಡವಿ ತಲೆಗೆ ಸುತ್ತಿಕೊಂಡ.

"ಏಳು, ಮುಂದಿನ ಬಸ್ಸು ಬತ್ತದೆ" ಎಂದ.